ಬೂದಿಯಲ್ಲಿ ಸಿಕ್ಕ ತಾಮ್ರ: ಒಂದು ವಿದ್ವತ್ ಐತಿಹ್ಯದ ವಿಮರ್ಶೆ

ಲೋಹಯುಗದ ಆರಂಭವನ್ನು ಕುರಿತ ಬರಹಗಳಲ್ಲಿ ಒಂದು ಕಥೆ ಮತ್ತೆ ಮತ್ತೆ ಎದುರಾಗುತ್ತದೆ. ಆದಿಮಾನವನೊಬ್ಬ ರಾತ್ರಿ ಬಯಲಲ್ಲಿ ಬೆಂಕಿ ಹಾಕಿಕೊಂಡ. ಸುತ್ತ ಜೋಡಿಸಿದ ಕಲ್ಲುಗಳಲ್ಲಿ ಒಂದು ತಾಮ್ರದ ಅದಿರಾಗಿತ್ತು. ಬೆಳಗ್ಗೆ ಬೂದಿ ಕೆದಕಿದಾಗ ಹೊಳೆಯುವ ಲೋಹದ ಗುಂಡು ಸಿಕ್ಕಿತು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ವಿಲಿಯಂ ಗೌಲ್ಯಾಂಡ್ ಅವರಂತಹ ಲೋಹಶಾಸ್ತ್ರಜ್ಞರ ಬೆಂಬಲವೂ ಇದಕ್ಕೆ ದೊರೆಯಿತು. ಜಾನಪದದ ಅಭ್ಯಾಸಿಗೆ ಈ ಕಥೆಯ ಚಹರೆ ಅಪರಿಚಿತವಲ್ಲ. ಹೆಸರಿಲ್ಲದ ನಾಯಕ, ಒಂದೇ ರಾತ್ರಿ, ಆಕಸ್ಮಿಕ ಲಾಭ: ಇವೆಲ್ಲ ಕಾರಣಕಥೆಗಳ ಚಿರಪರಿಚಿತ ಆಶಯಗಳು. ಈ ಕಥನ ಏನನ್ನು ಮರೆಮಾಡುತ್ತದೆ ಎಂಬುದು ಇಲ್ಲಿ ವಿಚಾರಾರ್ಹ.

1939ರಲ್ಲಿ ಎಚ್. ಎಚ್. ಕಾಗ್ಲನ್ ಈ ಕಥೆಯನ್ನು ಬೆಂಕಿಗೇ ಒಡ್ಡಿ ನೋಡಿದರು. ತೆರೆದ ಬೆಂಕಿಯಲ್ಲಿ ಮ್ಯಾಲಕೈಟ್ ಎಂಬ ಹಸಿರು ಅದಿರು ಲೋಹವಾಗಲಿಲ್ಲ. ಅದರ ಮೇಲೆ ಮಡಕೆಯೊಂದನ್ನು ಬೋರಲು ಹಾಕಿ, ಸುತ್ತ ಇದ್ದಿಲು ಪೇರಿಸಿ ಉರಿಸಿದಾಗ ಮಾತ್ರ ತಾಮ್ರ ಹೊರಬಂದಿತು. ಅದಿರಿಗೆ ಶಾಖವಷ್ಟೇ ಸಾಲದು. ಗಾಳಿಯನ್ನು ತಡೆದು, ಇದ್ದಿಲಿನ ಅನಿಲವು ಅದಿರಿನ ಆಮ್ಲಜನಕವನ್ನು ಸೆಳೆದುಕೊಳ್ಳುವಂತೆ ಮಾಡಬೇಕು. ಲೋಹ ಕರಗಿ ಹರಿಯಲು 1,085 ಡಿಗ್ರಿ ಸೆಲ್ಸಿಯಸ್ ಬೇಕು. ಊದುವುದೂ ಬೇಕು, ಮುಚ್ಚುವುದೂ ಬೇಕು. ಎಷ್ಟು ಎಂಬುದೇ ಕಸುಬು. ನಮ್ಮ ಕಮ್ಮಾರರು ಇದನ್ನು 'ಹದ' ಎನ್ನುತ್ತಾರೆ. ಹದವು ಒಂದು ರಾತ್ರಿಯಲ್ಲಿ ಒಬ್ಬನಿಗೆ ಸಿಗುವಂಥದಲ್ಲ.

ಕಾಗ್ಲನ್ ಅವರ ಬಳಿಕ ಕುಂಬಾರನ ಆವಿಗೆಯೇ ಲೋಹವಿದ್ಯೆಯ ತವರೆಂಬ ವಾದ ಬಲಗೊಂಡಿತು. ಇದು ಹೆಚ್ಚು ಸಮಂಜಸವಾದರೂ ಪೂರ್ಣವಲ್ಲ. ಸರ್ಬಿಯಾದ ಬೆಲೊವೊಡೆಯಲ್ಲಿ ದೊರೆತ, ಕ್ರಿ.ಪೂ. 5000ದ ಆಸುಪಾಸಿನ ತಾಮ್ರದ ಕಿಟ್ಟವನ್ನು ಕುರಿತ ಅಧ್ಯಯನ 2010ರಲ್ಲಿ ಪ್ರಕಟವಾಯಿತು. ಅಲ್ಲಿನ ಮಡಕೆಗಳನ್ನು ಪರೀಕ್ಷಿಸಿದ 2020ರ ಅಧ್ಯಯನಕ್ಕೆ ಆವಿಗೆಗೂ ತಾಮ್ರದ ಕುಲುಮೆಗೂ ನೇರ ಸಂಬಂಧ ಕಾಣಲಿಲ್ಲ. ನನಗೆ ಹೆಚ್ಚು ಮಹತ್ವದ್ದೆನಿಸುವುದು ಕಲ್ಲಿನ ಆಯ್ಕೆ. ಮಣಿ ಮಾಡಲು ಆ ಜನ ಶುದ್ಧ ಹಸಿರಿನ ಕಲ್ಲನ್ನು ಆರಿಸಿಕೊಂಡರು. ಕರಗಿಸಲು ಕಪ್ಪು ಬೆರೆತ, ಮ್ಯಾಂಗನೀಸ್ ಅಧಿಕವಾಗಿದ್ದ ಹಸಿರು ಕಲ್ಲನ್ನು. ಎರಡೂ ಕಲ್ಲುಗಳ ಗುಣವನ್ನು ಬಲ್ಲ ಕಣ್ಣು ಅಲ್ಲಿತ್ತು. ಬೆಂಕಿಯ ಸುತ್ತ ಸಿಕ್ಕ ಕಲ್ಲನ್ನು ಇಟ್ಟವನ ಕಣ್ಣಲ್ಲ ಅದು.

ಏಣಿಯ ಮೆಟ್ಟಿಲುಗಳಂತೆ ಕಲ್ಲು, ತಾಮ್ರ, ಕಂಚು, ಕಬ್ಬಿಣ ಎಂದು ಜೋಡಿಸುವ ಕ್ರಮಕ್ಕೂ ಇದೇ ದೋಷವಿದೆ. ಉತ್ತರ ಅಮೆರಿಕದ ಮಹಾಸರೋವರಗಳ ಸುತ್ತಲಿನ ಜನರು ನಿಸರ್ಗದಲ್ಲಿ ಶುದ್ಧವಾಗಿಯೇ ದೊರೆಯುವ ತಾಮ್ರವನ್ನು ಸಾವಿರಾರು ವರ್ಷ ಬಡಿದು, ಕಾಯಿಸಿ ಉಪಕರಣ ಮಾಡಿದರು. ಅದಿರು ಕರಗಿಸುವ ದಾರಿಗೆ ಹೋಗಲಿಲ್ಲ. ಇದನ್ನು ಹಿಂದುಳಿಯುವಿಕೆ ಎನ್ನಲು ಆಧಾರವಿಲ್ಲ.

ಕಂಚಿನ ವಿಷಯಕ್ಕೆ ಬಂದರೆ ಆಕಸ್ಮಿಕದ ಕಥೆ ಇನ್ನಷ್ಟು ಸೊರಗುತ್ತದೆ. ಆರ್ಸೆನಿಕ್ ಬೆರೆತ ತಾಮ್ರ ಅದಿರಿನ ಸ್ವಭಾವದಿಂದಲೇ ಮೂಡಿರಬಹುದು. ತವರದ ಮಾತು ಬೇರೆ. ಅದು ದೊರೆಯುವ ನೆಲೆಗಳು ವಿರಳ, ಬಹುಮಟ್ಟಿಗೆ ದೂರ. ಟರ್ಕಿಯ ಉಲುಬುರುನ್ ಬಳಿ ಕ್ರಿ.ಪೂ. ಹದಿನಾಲ್ಕನೆಯ ಶತಮಾನದ ಕೊನೆಯಲ್ಲಿ ಮುಳುಗಿದ ಹಡಗಿನಲ್ಲಿ ಸುಮಾರು 10 ಟನ್ ತಾಮ್ರ, 1 ಟನ್ ತವರ ಇತ್ತು. ಇದು ಹೆಚ್ಚುಕಡಿಮೆ ಕಂಚಿನ ಪಾಕದ ಪ್ರಮಾಣವೇ! ಆ ಸರಕಿನ ಹಿಂದೆ ಗಣಿಗಾರರು, ಹೊರೆಯಾಳುಗಳು, ನಾವಿಕರು ಇದ್ದರು. ಗೋರ್ಡನ್ ಚೈಲ್ಡ್ ಕಂಚಿನ ಯುಗದ ಕಮ್ಮಾರನನ್ನು ಕುಲದ ಕಟ್ಟಿನಿಂದ ಬಿಡುಗಡೆಗೊಂಡ ಅಲೆಮಾರಿ ಎಂದು ಚಿತ್ರಿಸಿದ್ದರು. ಸಮುದಾಯಗಳ ಅಧ್ಯಯನದಿಂದ ದೊರೆತ ಸಾಮಗ್ರಿಯನ್ನು ಮುಂದಿಟ್ಟು ಮೈಕೆಲ್ ರೋಲ್ಯಾಂಡ್ಸ್ 1971ರಲ್ಲಿ ಆ ಚಿತ್ರವನ್ನು ಪ್ರಶ್ನಿಸಿದರು. ಒಂಟಿ ಶೋಧಕ, ಒಂಟಿ ಅಲೆಮಾರಿ: ಎರಡು ಕಲ್ಪನೆಗಳಲ್ಲೂ ಕಸುಬು ಕಲಿಸಿದ ಸಮುದಾಯ ಕಾಣೆಯಾಗಿದೆ.

ನಮ್ಮ ಮೌಖಿಕ ಪರಂಪರೆ ಈ ವಿಷಯದಲ್ಲಿ ಹೆಚ್ಚು ಎಚ್ಚರವುಳ್ಳದ್ದು. ಮಂಟೇಸ್ವಾಮಿ ಕಾವ್ಯದಲ್ಲಿ ಸಿದ್ದಪ್ಪಾಜಿ ಕಬ್ಬಿಣದ ಭಿಕ್ಷೆಗೆ ಹಲಗೂರಿನ ಪಾಂಚಾಳರ ಬಳಿಗೆ ಹೋಗುತ್ತಾನೆ. ಅವರು ಸುಲಭವಾಗಿ ಕೊಡುವುದಿಲ್ಲ, ಪರೀಕ್ಷೆಗಳನ್ನು ಒಡ್ಡುತ್ತಾರೆ. ಅದು ಕಬ್ಬಿಣದ ಕಥೆ, ತೀರ ಈಚಿನ ಕಾಲದ್ದು. ತಾಮ್ರದ ಇತಿಹಾಸಕ್ಕೆ ಅದನ್ನು ಸಾಕ್ಷಿಯಾಗಿ ತರುವಂತಿಲ್ಲ. ಆದರೆ ಅಲ್ಲಿ ಲೋಹ ಬೂದಿಯಲ್ಲಿ ಬಿದ್ದು ಸಿಗುವ ವಸ್ತುವಲ್ಲ. ಅದಕ್ಕೆ ಒಡೆಯರಿದ್ದಾರೆ, ಕುಲುಮೆಯ ಊರಿದೆ, ಕೊಡಬೇಕೆ ಬೇಡವೇ ಎಂಬ ಜಗಳವಿದೆ.