ಹುಳು ಸಾಕುವವರ ಹದ

ಮೊಳಕಾಲ್ಮೂರು ಸೀರೆಯನ್ನು ಹೊಗಳುವವರು ಬಹಳ ಮಂದಿ. ನನ್ನ ಮೆಚ್ಚುಗೆ ಮಾತ್ರ ಮಗ್ಗಕ್ಕೂ ಮುಂಚಿನ ಕೆಲಸಕ್ಕೆ: ಮೊಳಕಾಲ್ಮೂರು, ಚಳ್ಳಕೆರೆಯಂಥ ಒಣಸೀಮೆಯಲ್ಲಿ ಬೋರ್‌ವೆಲ್ ನೀರು ನಂಬಿ ಹಿಪ್ಪುನೇರಳೆ ಬೆಳೆದು ರೇಷ್ಮೆ ಹುಳು ಸಾಕುವವರ ಕೈಗುಣಕ್ಕೆ.

ಗೂಡು ಕಟ್ಟುವ ಮೊದಲು ಹುಳುವಿಗೆ ನಾಲ್ಕು ಜ್ವರ. ಪೊರೆ ಬಿಡುವ ಹೊತ್ತದು. ತಲೆ ಎತ್ತಿ ಅಲುಗದೆ ಕೂರುತ್ತವೆ. ಆಗ ಸೊಪ್ಪು ಹಾಕಬಾರದು, ಸುಣ್ಣದ ಪುಡಿ ಉದುರಿಸಿ ಹಾಸು ಒಣಗಿಸಬೇಕು. ಮೊದಲು ಎದ್ದ ನಾಲ್ಕು ಹುಳುವಿಗೆ ಮನಸ್ಸು ಕರಗಿ ಸೊಪ್ಪು ಕೊಟ್ಟಿರೋ, ಕೆಟ್ಟಿತು. ಅವು ಮುಂದೋಡುತ್ತವೆ, ಉಳಿದವು ಹಿಂದೆ ಬೀಳುತ್ತವೆ, ಕೊನೆಗೆ ಗೂಡು ಕಟ್ಟುವ ದಿನವೇ ಹೊಂದುವುದಿಲ್ಲ. ಹೆಚ್ಚುಕಮ್ಮಿ ಎಲ್ಲವೂ ಏಳುವವರೆಗೆ ಕಾಯುವ ಆ ತಾಳ್ಮೆ ಓದಿ ಬರುವಂಥದ್ದಲ್ಲ.

ನಾಲ್ಕನೇ ಜ್ವರ ಎದ್ದ ಮೇಲೆ ಹಸಿವೋ ಹಸಿವು. ಬದುಕಿಡೀ ತಿನ್ನುವ ಸೊಪ್ಪಿನಲ್ಲಿ ಶೇ. 80ರಷ್ಟು ಆ ಕೊನೆಯ ವಾರದ್ದೇ. ಹುಳುಮನೆ ತುಂಬ ಮಳೆ ಹನಿದಂಥ ಸದ್ದು. ಸೊಪ್ಪಷ್ಟೇ ಸಾಲದು, ಜಾಗವೂ ಬೇಕು. ಸಾಕುಪ್ರಾಣಿಗಳ ಮೇವಿಗೆಂದು ಜಿರಲೆ ಸಾಕುವವರೂ ಇದ್ದಾರೆ. ಹಸಿದು ಇಕ್ಕಟ್ಟಾದರೆ ಅವು ಒಂದರ ರೆಕ್ಕೆ ಇನ್ನೊಂದು ಕಡಿಯುತ್ತವೆ. ರೇಷ್ಮೆ ಹುಳುವಿಗೆ ಜಗಳ ಗೊತ್ತಿಲ್ಲ. ಜಾಗ ಸಾಲದಿದ್ದರೆ ಸುಮ್ಮನೆ ಸೊರಗುತ್ತದೆ, ರೋಗ ಅಂಟಿಸಿಕೊಳ್ಳುತ್ತದೆ. ಗಲಾಟೆ ಮಾಡುವ ಜೀವವನ್ನು ಸಾಕುವುದೇ ಸುಲಭ ಅನ್ನಿ!

ಹಣ್ಣಾದ ಹುಳುವನ್ನು ಬೆಳಕಿಗೆ ಹಿಡಿದರೆ ಮೈಯೊಳಗೆ ಬೆಳಕು ಹಾಯುತ್ತದೆ. ಅಂಥವನ್ನು ಆರಿಸಿ, ಗೂಡು ಕಟ್ಟಿಸುವ ತಟ್ಟೆಯಾದ ಚಂದ್ರಿಕೆಗೆ ಬಿಡುವಾಗಲೂ ಜಾಗದ ಲೆಕ್ಕ ತಪ್ಪದು. ಒತ್ತಾಗಿ ಬಿಟ್ಟರೆ ಎರಡು ಹುಳು ಸೇರಿ ಒಂದೇ ಗೂಡು ಕಟ್ಟುತ್ತವೆ. ಎಳೆ ಸಿಕ್ಕಾಗಿ, ನೂಲು ತೆಗೆಯುವ ರೀಲರ್ ಬೆಲೆ ಇಳಿಸುತ್ತಾನೆ.