ಐದು ವರ್ಷದ ಬಿಡುವು, ಶರೀಫರ ಎರಡು ಹಾಡು

ರಘು ದೀಕ್ಷಿತ್ ಪ್ರಾಜೆಕ್ಟ್ ಅವಸರದಲ್ಲಿ ಆಲ್ಬಮ್ ತರುವ ತಂಡವಲ್ಲ. ಮೊದಲ ಆಲ್ಬಮ್ ಬಂದದ್ದು 2008ರಲ್ಲಿ, ಎರಡನೆಯದಾದ ‘ಜಗ್ ಚಂಗಾ’ 2013ರಲ್ಲಿ. ಮೂರನೆಯ ‘ಶಕ್ಕರ್’ಗೆ ಅಭಿಮಾನಿಗಳು ಆಮೇಲೆ ದಶಕಕ್ಕೂ ಹೆಚ್ಚು ಕಾಯಬೇಕಾಯಿತು. ಈ ದೀರ್ಘ ಬಿಡುವುಗಳು ತಂಡದ ಸಂಗೀತಕ್ಕೆ ಏನು ಮಾಡುತ್ತವೆ ಎಂದು ತಿಳಿಯಬೇಕಾದರೆ ‘ಜಗ್ ಚಂಗಾ’ವನ್ನೇ ಮತ್ತೆ ಕೇಳಬೇಕು. ಹೊಸದರ ಸಡಗರ ಕಳೆದು, ಅದರ ಹಾಡುಗಳಲ್ಲಿ ಯಾವುವು ನಿಂತವು, ಯಾವುವು ಸವೆದವು ಎಂದು ಹೇಳುವಷ್ಟು ಕಾಲ ಈಗ ಆಗಿದೆ.

ಮೊದಲ ಆಲ್ಬಮ್ಮಿನ ಹಿಂದಿನ ಕಥೆ ಬಹಳ ಜನಕ್ಕೆ ಗೊತ್ತು. ಮೈಸೂರಿನಲ್ಲಿ ಮೈಕ್ರೋಬಯಾಲಜಿ ಓದಿ, ಭರತನಾಟ್ಯ ಕಲಿತ ರಘು ದೀಕ್ಷಿತ್ 1998ರ ಹೊತ್ತಿಗೆ ಪಿಟೀಲು ವಾದಕ ಎಚ್.ಎನ್. ಭಾಸ್ಕರ್ ಜೊತೆ ‘ಅಂತರಾಗ್ನಿ’ ತಂಡ ಕಟ್ಟಿದರು. ಆ ತಂಡ ಮುಂದೆ ‘ಪ್ರಾಜೆಕ್ಟ್’ ಆಯಿತು. ಸಂಗೀತದ ಕಂಪನಿಗಳು ಒಂದರ ಮೇಲೊಂದು ಬೇಡ ಅಂದವು. ಕೊನೆಗೆ ಮುಂಬೈಯ ವಿಶಾಲ್–ಶೇಖರ್ ಜೋಡಿ ತಮ್ಮದೇ ಲೇಬಲ್ಲಿನಲ್ಲಿ ಆಲ್ಬಮ್ ಹೊರತಂದಿತು. ಅಂದರೆ ಆ ಎಂಟು ಹಾಡುಗಳಲ್ಲಿ ಹಲವು, ಸ್ಟುಡಿಯೊ ಸೇರುವ ಮುಂಚೆ ಎಷ್ಟೋ ವರ್ಷ ಸಣ್ಣ ಸಣ್ಣ ಜಾಗಗಳಲ್ಲಿ, ಈ ಹಾಡನ್ನು ಯಾರೂ ಕೇಳದಿರಬಹುದು ಎಂಬ ಅಳುಕಿನ ನಡುವೆಯೇ ಬೆಳೆದಂಥವು. ಅವುಗಳಲ್ಲಿ ಎರಡು, ಹತ್ತೊಂಬತ್ತನೆಯ ಶತಮಾನದ ತತ್ವಪದಕಾರ ಶಿಶುನಾಳ ಶರೀಫರವು: ಗುಡುಗುಡಿಯದೊಂದು, ಸೋರುವ ಮಾಳಿಗೆಯದೊಂದು.

ಸೋರುವ ಮಾಳಿಗೆಯ ಹಾಡನ್ನು ಆ ಆಲ್ಬಮ್ಮಿನಲ್ಲಿ ಇವತ್ತು ಕೇಳಿದರೂ ಮನಸ್ಸು ನಿಲ್ಲುತ್ತದೆ. ಮನೆ ಸೋರುತ್ತಿದೆ, ದುರಸ್ತಿ ಮಾಡುವವರಿಲ್ಲ, ಕತ್ತಲೆಯಲ್ಲಿ ಮೇಲೇರಲು ಧೈರ್ಯ ಸಾಲದು ಎಂಬ ಒಬ್ಬ ಬಡವನ ಅಳಲು ಅದು. ಸೋರುತ್ತಿರುವುದು ಮಣ್ಣಿನ ಮನೆಯಲ್ಲ ಎಂದು ಕೇಳುವವನಿಗೆ ತಡವಾಗಿ ಹೊಳೆಯಬೇಕು. ಆ ತಡವನ್ನು ತಂಡ ಕಾಪಾಡಿದೆ. ವಾದ್ಯಗಳು ಕಂಠಕ್ಕೆ ಜಾಗ ಬಿಟ್ಟು ನಿಲ್ಲುತ್ತವೆ. ರಘು ಅವರ ದೊಡ್ಡ ಗಂಟಲು ತನ್ನ ಪೂರ್ತಿ ಬಲ ತೋರಿಸುವ ಅವಸರಕ್ಕೆ ಬೀಳುವುದಿಲ್ಲ. ಗುಡುಗುಡಿಯ ಹಾಡಿನಲ್ಲೂ ಹಾಗೆಯೇ. ದೇಹವೇ ಹುಕ್ಕಾ, ಅದರೊಳಗೆ ಸುಟ್ಟು ಹೋಗಬೇಕಾದದ್ದು ಮನಸ್ಸಿನ ಕೊಳೆ ಎಂಬ ಮಾತನ್ನು ಗಿಟಾರು, ಪಿಟೀಲುಗಳು ಮೆಲ್ಲಗೆ ಹೊತ್ತು ತರುತ್ತವೆ. ಎರಡಕ್ಕೂ ಕೊಟ್ಟಿರುವುದು ಹೊಸ ಧಾಟಿ, ಆದರೆ ಹಾಡಿನ ನಡಿಗೆ ಹಳೆಯದು.

ಬೆಂಗಳೂರಿನ ಪಶ್ಚಿಮ ಭಾಗದಲ್ಲಿ ಇರುವವರಿಗೆ ಹಳೆಯ ಧಾಟಿಯ ಜೊತೆಗಿನ ಹೋಲಿಕೆ ಅನಿವಾರ್ಯ. ರಾಜಾಜಿನಗರ, ವಿಜಯನಗರ, ಬಸವೇಶ್ವರನಗರಗಳಲ್ಲಿ ಶರೀಫರ ಹಾಡು ಸಿಗಲು ರಾಕ್ ಬ್ಯಾಂಡ್ ಬರಬೇಕಾಗಿರಲಿಲ್ಲ. ಗಾಯಕ ಸಿ. ಅಶ್ವತ್ಥ್ ಅವರ ಕ್ಯಾಸೆಟ್ಟುಗಳು ಇಲ್ಲಿನ ಮನೆ ಮನೆಯಲ್ಲಿದ್ದವು. 1990ರಲ್ಲಿ ಟಿ.ಎಸ್. ನಾಗಾಭರಣರ ‘ಸಂತ ಶಿಶುನಾಳ ಶರೀಫ’ ಸಿನಿಮಾ ಬಂದ ಮೇಲೆ ಶ್ರೀಧರ್ ಅವರ ಮುಖವೇ ಶರೀಫರ ಮುಖವಾಯಿತು, ಅಶ್ವತ್ಥರ ದನಿಯೇ ದನಿಯಾಯಿತು. ಶಿವಮೊಗ್ಗ ಸುಬ್ಬಣ್ಣನವರ ‘ಕೋಡಗನ ಕೋಳಿ ನುಂಗಿತ್ತಾ’ ಗೊತ್ತಿಲ್ಲದ ಕನ್ನಡದ ಮನೆ ಇಲ್ಲಿ ಸಿಗುವುದು ಕಷ್ಟ. ನವೆಂಬರ್ ಬಂತೆಂದರೆ ಬಡಾವಣೆಗೊಂದು ರಾಜ್ಯೋತ್ಸವದ ಪೆಂಡಾಲು ಏಳುತ್ತದೆ. ಒಂದು ಕೀಬೋರ್ಡು, ಒಂದು ರಿದಂ ಪ್ಯಾಡು, ತಬಲಾ, ಮುಂದೆ ಸಾಲು ಸಾಲು ಪ್ಲಾಸ್ಟಿಕ್ ಕುರ್ಚಿ. ರಾಜ್‌ಕುಮಾರ್ ಹಾಡುಗಳ ನಡುವೆ ಶರೀಫರದೊಂದು ಇರಲೇಬೇಕು. ಆರ್ಕೆಸ್ಟ್ರಾದ ಹುಡುಗ ಕೋಡಗ-ಕೋಳಿಯ ಆ ಒಗಟಿನ ಹಾಡು ಎತ್ತಿದರೆ, ಮುಂದಿನ ಸಾಲಿನ ಹಿರಿಯರು ಅವನಿಗಿಂತ ಅರ್ಧ ಮಾತ್ರೆ ಮುಂಚೆಯೇ ತುಟಿ ಆಡಿಸುತ್ತಿರುತ್ತಾರೆ. ಇಂಥ ಕಿವಿಗಳ ಮುಂದೆ ‘ಜಗ್ ಚಂಗಾ’ ನಿಲ್ಲಬೇಕಿತ್ತು.

ಇನ್ನೊಂದು ಮಾತೂ ಇದೆ. ರಾಕ್ ಸಂಗೀತದ ವೇದಿಕೆಗಳೆಲ್ಲ ಊರಿನ ಆ ಕಡೆ: ಚರ್ಚ್ ಸ್ಟ್ರೀಟು, ಇಂದಿರಾನಗರ, ಕೋರಮಂಗಲ. 2007ರಲ್ಲಿ ಐರನ್ ಮೇಡನ್, 2011ರಲ್ಲಿ ಮೆಟಾಲಿಕಾ ಬಂದಾಗ ಎಲ್ಲರೂ ಅರಮನೆ ಮೈದಾನಕ್ಕೆ ಹೋದರು. ಈ ಕಡೆಯ ಹುಡುಗರಿಗೆ ಕೈಗೆಟಕುವ ದೂರದಲ್ಲಿ ಇದ್ದದ್ದು ಮೈಸೂರು ರಸ್ತೆಯ ಆರ್.ವಿ. ಇಂಜಿನಿಯರಿಂಗ್ ಕಾಲೇಜಿನ ‘ಎಯ್ತ್ ಮೈಲ್’ನಂಥ ಹಬ್ಬ, ವರ್ಷಕ್ಕೊಮ್ಮೆ. ‘ಜಗ್ ಚಂಗಾ’ ಬಂದ 2013ರಲ್ಲಿ ಮೆಟ್ರೊ ಓಡುತ್ತಿದ್ದದ್ದು ಬೈಯಪ್ಪನಹಳ್ಳಿಯಿಂದ ಎಂ.ಜಿ. ರೋಡಿನವರೆಗೆ ಮಾತ್ರ. ಮೈಸೂರು ರಸ್ತೆ–ಮಾಗಡಿ ರಸ್ತೆ ನಡುವಿನ ರೈಲು ಶುರುವಾದದ್ದು 2015ರ ನವೆಂಬರಿನಲ್ಲಿ, ಅದು ಪೂರ್ವಕ್ಕೆ ಕೂಡಿಕೊಂಡದ್ದು 2016ರಲ್ಲಿ. ರಾತ್ರಿ ಹನ್ನೊಂದಕ್ಕೆ ಇಂದಿರಾನಗರದಲ್ಲಿ ಕಾರ್ಯಕ್ರಮ ಮುಗಿದರೆ ನಾಗರಬಾವಿಗೆ ಮರಳುವುದು ಹೇಗೆ ಎಂಬ ಪ್ರಶ್ನೆಗೆ ಆಗ ಸುಲಭದ ಉತ್ತರ ಇರಲಿಲ್ಲ. ಹೀಗಾಗಿ ನಮ್ಮ ಕಡೆ ಈ ತಂಡ ಬದುಕಿದ್ದು ಹೆಚ್ಚಾಗಿ ಧ್ವನಿಮುದ್ರಣದಲ್ಲಿ. ‘ಅವರನ್ನು ಸ್ಟೇಜ್ ಮೇಲೆ ನೋಡಬೇಕು, ರೆಕಾರ್ಡಿಂಗಿನಲ್ಲಿ ಏನೂ ಗೊತ್ತಾಗಲ್ಲ’ ಎಂದು ಅಭಿಮಾನಿಗಳು ಹೇಳುವುದನ್ನು ನಾನು ಒಪ್ಪದಿರುವುದು ಇದಕ್ಕೇ. ಆಲ್ಬಮ್ ಎಂದ ಮೇಲೆ ಅದು ಮನೆಯಲ್ಲಿ ಕೂತು ಕೇಳುವವನಿಗೂ ಪೂರ್ತಿ ಸಿಗಬೇಕು.

ಐದು ವರ್ಷದ ಬಿಡುವಿನಲ್ಲಿ ತಂಡ ಸುಮ್ಮನೆ ಕೂತಿರಲಿಲ್ಲ. 2010ರಲ್ಲಿ ಬಿಬಿಸಿಯ ಜೂಲ್ಸ್ ಹಾಲೆಂಡ್ ಕಾರ್ಯಕ್ರಮದಲ್ಲಿ ಹಾಡಿತು, 2011ರಲ್ಲಿ ಗ್ಲಾಸ್ಟನ್‌ಬರಿಗೆ ಹೋಯಿತು, ಅದೇ ವರ್ಷ ‘ಸಾಂಗ್‌ಲೈನ್ಸ್’ ಪತ್ರಿಕೆಯ ಹೊಸ ಕಲಾವಿದರ ಪ್ರಶಸ್ತಿ ಪಡೆಯಿತು. ಇತ್ತ ಕನ್ನಡದಲ್ಲಿ ರಘು ಅವರ ಹೆಸರು ಸಿನಿಮಾದಿಂದ ಹಬ್ಬಿತ್ತು. 2008ರ ‘ಸೈಕೋ’ದ ಮಹದೇಶ್ವರನ ಹಾಡು ಆಟೊಗಳಲ್ಲೂ ಮೊಳಗುತ್ತಿತ್ತು. 2010ರಲ್ಲಿ ಸುದೀಪ್ ನಿರ್ದೇಶನದ ‘ಜಸ್ಟ್ ಮಾತ್ ಮಾತಲ್ಲಿ’ ಬಂತು. ಪಂಚೆ, ಕಾಲಿಗೆ ಗೆಜ್ಜೆ, ಎದೆಗೆ ಗಿಟಾರು ತಂಡದ ಗುರುತಾಯಿತು. ಮೊದಲ ಆಲ್ಬಮ್ಮಿನ ಹಾಡುಗಳು ಸಣ್ಣ ಕೋಣೆಗಳಲ್ಲಿ ಬೆಳೆದವಾದರೆ, ಎರಡನೆಯದರವು ಬೆಳೆದದ್ದು ದೊಡ್ಡ ಮೈದಾನಗಳಲ್ಲಿ, ಕನ್ನಡದ ಗಂಧವೇ ಇಲ್ಲದ ಸಾವಿರಾರು ಜನರ ಮುಂದೆ. ‘ಜಗ್ ಚಂಗಾ’ದ ಬಲವೂ ಕೊರತೆಯೂ ಎರಡೂ ಇಲ್ಲಿಂದಲೇ ಬಂದಿವೆ ಎಂಬುದು ನನ್ನ ವಾದ.

ಬಲ ನೋಡಬೇಕಾದರೆ ‘ಲೋಕದ ಕಾಳಜಿ’ ಕೇಳಿ. ಇದೂ ಶರೀಫರದೇ. ಜಗತ್ತಿನ ಚಿಂತೆ ಹೊತ್ತವನಂತೆ ಮೆರೆಯುವವನನ್ನು ತಡೆದು ನಿಲ್ಲಿಸಿ, ನಿನಗೆ ಯಾರು ಬೇಡವೆನ್ನುತ್ತಾರೆ, ಮಾಡಪ್ಪ ಚಿಂತೆ ಎಂದು ವ್ಯಂಗ್ಯದಲ್ಲೇ ಗದರುವ ಹಾಡು. ಗದರಿಕೆಯಲ್ಲೂ ಪ್ರೀತಿ ಇದೆ. ತಂಡ ಇದನ್ನು ಓಟದ ನಡೆಗೆ ಕಟ್ಟಿದೆ, ಎಲ್ಲರೂ ಕೂಡಿ ಹಾಡುವ ಪಲ್ಲವಿಯನ್ನು ನಡುವೆ ನಿಲ್ಲಿಸಿದೆ. ಒಬ್ಬ ಎತ್ತುತ್ತಾನೆ, ಉಳಿದವರು ಹಿಡಿಯುತ್ತಾರೆ. ಹಾವೇರಿ, ಧಾರವಾಡದ ಕಡೆ ಭಜನೆ ಮೇಳಗಳಲ್ಲಿ ತತ್ವಪದ ಹಾಡುವ ಕ್ರಮವೂ ಇದೇ: ಮುಂದಿನವನು ಒಂದು ಸಾಲು ಹೇಳಿದರೆ ತಾಳ, ದಮ್ಮಡಿ ಹಿಡಿದವರು ಅದನ್ನೇ ಮತ್ತೆ ಮತ್ತೆ ಹೇಳಿ ಕಾಯಿಸುತ್ತಾರೆ. ಹೇಳಿದ್ದನ್ನೇ ಹೇಳುತ್ತಾ ಹೋಗುವುದರಲ್ಲಿ ಮಾತು ಒಳಗೆ ಇಳಿಯುತ್ತದೆ. ರಾಕ್ ಸಂಗೀತದಲ್ಲಿ ರಿಫ್ ಮಾಡುವ ಕೆಲಸವೂ ಇದಕ್ಕೆ ದೂರದ್ದಲ್ಲ. ಒಂದೇ ಸ್ವರಗುಚ್ಛ ತಿರುಗಿ ತಿರುಗಿ ಬಂದು ಮೈಯನ್ನು ಹಿಡಿದುಕೊಳ್ಳುತ್ತದೆ. ‘ಲೋಕದ ಕಾಳಜಿ’ಯಲ್ಲಿ ಈ ಎರಡೂ ಪದ್ಧತಿಗಳು ಒಂದರೊಳಗೊಂದು ಕೂತಿವೆ. ಕನ್ನಡ ಬಾರದವನು ಲಯ ಹಿಡಿದು ಕುಣಿಯುತ್ತಾನೆ, ಬಲ್ಲವನಿಗೆ ಕುಣಿಯುತ್ತಲೇ ಗದರಿಕೆ ತಾಗುತ್ತದೆ. ಮೈದಾನ ಈ ಹಾಡಿನಿಂದ ಏನನ್ನೂ ಕಳೆದಿಲ್ಲ. ಮೈದಾನವಿಲ್ಲದೆ ಹೋಗಿದ್ದರೆ ಅದು ಈ ರೂಪಕ್ಕೆ ಬರುತ್ತಲೇ ಇರಲಿಲ್ಲವೇನೋ. ನಾನು ಅಶ್ವತ್ಥರ ಭಕ್ತ, ಆದರೂ ಈ ಒಂದು ಹಾಡು ಈಗ ನನ್ನ ನಾಲಿಗೆಗೆ ಬರುವುದು ರಘು ಅವರ ಧಾಟಿಯಲ್ಲೇ.

ಆಲ್ಬಮ್ಮಿನ ಶೀರ್ಷಿಕೆ ಗೀತೆ ಪಂಜಾಬಿಯ ಒಂದು ನಾಣ್ಣುಡಿಯಿಂದ ಹುಟ್ಟಿದ್ದು: ತಾನು ನೆಟ್ಟಗಿದ್ದರೆ ಜಗವೂ ನೆಟ್ಟಗೆ. ಶರೀಫರ ಗದರಿಕೆಯ ತಿರುಳೂ ಅದೇ. ಎಲ್ಲಿಯ ಪಂಜಾಬು, ಎಲ್ಲಿಯ ಶಿಶುನಾಳ, ಒಂದೇ ಆಲ್ಬಮ್ಮಿನಲ್ಲಿ ಇವೆರಡು ಎದುರುಬದುರು ಕೂತಿರುವುದು ನನಗೆ ಬಹಳ ಇಷ್ಟವಾದ ಸಂಗತಿ. ಹಿಂದಿ ಹಾಡುಗಳ ವಿಷಯದಲ್ಲಿ ಹೆಚ್ಚು ಹೇಳಲು ಹೋಗುವುದಿಲ್ಲ. ‘ಯಾದೋಂ ಕೀ ಕ್ಯಾರಿ’ಯಂಥವು ಇಂಪಾಗಿವೆ, ಆದರೆ ಮೊದಲ ಆಲ್ಬಮ್ಮಿನ ‘ಮೈಸೂರ್ ಸೇ ಆಯಿ’ಗಿದ್ದ ಹಗುರವಾದ ನಗು ಇಲ್ಲಿನ ಯಾವ ಹಾಡಿಗೂ ಇಲ್ಲ.

ಕೊರತೆ ‘ಕೋಡಗನ ಕೋಳಿ ನುಂಗಿತ್ತಾ’ದಲ್ಲಿದೆ. ಈ ಪದದ ಕಟ್ಟಡವನ್ನು ಸ್ವಲ್ಪ ನೋಡಬೇಕು. ಸಣ್ಣದು ದೊಡ್ಡದನ್ನು ನುಂಗುವ ವಿಚಿತ್ರಗಳು ಒಂದಾದ ಮೇಲೊಂದು ಬರುತ್ತವೆ. ಮೊದಲು ಪ್ರಾಣಿಗಳು, ಆಮೇಲೆ ಒಳ್ಳು, ಒನಕೆ, ಬೀಸುವ ಕಲ್ಲು, ಮತ್ತೆ ನೇಕಾರನ ಮಗ್ಗ. ಮಕ್ಕಳು ಕೇಳಿ ನಗುವಂಥ ಪಟ್ಟಿ. ಮುಂದೆ ಮುಂದೆ ಹೋದಂತೆ ಗುಡ್ಡವೂ ಈ ಪಟ್ಟಿಗೆ ಬರುತ್ತದೆ. ಕಟ್ಟಕಡೆಗೆ ಗೋವಿಂದ ಗುರುವಿನ ಪಾದ, ಹಾಡುತ್ತಿರುವವನನ್ನೇ ನುಂಗಿಬಿಡುತ್ತದೆ. ಅಲ್ಲಿಯವರೆಗೆ ಆಟವಾಗಿದ್ದದ್ದು ಆ ಕ್ಷಣಕ್ಕೆ ಆಟವಾಗಿ ಉಳಿಯುವುದಿಲ್ಲ. ಶರೀಫರಿಗೂ ಕಳಸದ ಗೋವಿಂದ ಭಟ್ಟರಿಗೂ ಇದ್ದ ಸಂಬಂಧ ತಿಳಿದವರಿಗೆ, ಒಬ್ಬ ಮುಸಲ್ಮಾನ ಶಿಷ್ಯ ತನ್ನ ಬ್ರಾಹ್ಮಣ ಗುರುವಿನಲ್ಲಿ ಕರಗಿಹೋಗುವ ಆ ಸಾಲು ಮೈ ನವಿರೇಳಿಸುತ್ತದೆ. ಹಾಡುವವನ ಹೊಣೆ ಇರುವುದು ಇಲ್ಲಿ. ನಗುತ್ತಾ ಏರಿಸಿಕೊಂಡು ಬಂದು, ಈ ತಿರುವಿನಲ್ಲಿ ಒಂದು ಉಸಿರು ತಡೆಯಬೇಕು. ಸುಬ್ಬಣ್ಣನವರ ಕಂಠ ಅಲ್ಲಿ ತಾನಾಗಿ ಬಾಗುತ್ತದೆ.

‘ಜಗ್ ಚಂಗಾ’ದ ಹಾಡು ಬಾಗುವುದಿಲ್ಲ. ಡ್ರಮ್ಸು, ಬಾಸು, ಎಲೆಕ್ಟ್ರಿಕ್ ಗಿಟಾರುಗಳ ಎರಕ ಬಿಗಿಯಾಗಿದೆ, ನುಡಿಸಿದವರ ಕೈಚಳಕದ ಬಗ್ಗೆ ಎರಡು ಮಾತಿಲ್ಲ. ಆದರೆ ನನ್ನ ಕಿವಿಗೆ ಶುರುವಿನಿಂದ ಕೊನೆಯವರೆಗೆ ಎತ್ತರ ಒಂದೇ. ಕೋಳಿಗೆ ಎಷ್ಟು ಅಬ್ಬರವೋ ಗುರುಪಾದಕ್ಕೂ ಅಷ್ಟೇ. ಅರ್ಥ ಗೊತ್ತಿಲ್ಲದ ಮೈದಾನಕ್ಕೆ ಇದು ಸಾಕು. ಅವರಿಗೆ ‘ನುಂಗಿತ್ತಾ’ ಎಂಬುದು ತಾಳಕ್ಕೆ ಕೂಡುವ ಒಂದು ಸದ್ದು, ಅದರ ಮೇಲೆ ಕುಣಿಯಬಹುದು. ಶರೀಫರನ್ನು ಬಾಲ್ಯದಿಂದ ಕೇಳಿಕೊಂಡು ಬಂದ ಮನೆಗೆ ಇದು ಸಾಲದು. ಐದು ವರ್ಷ ದೊಡ್ಡ ಸ್ಪೀಕರುಗಳ ಮುಂದೆ ಹಾಡಿ ಅಭ್ಯಾಸವಾದ ತಂಡ, ಸ್ಟುಡಿಯೊದ ನಾಲ್ಕು ಗೋಡೆಯೊಳಗೂ ಅದೇ ಜನಸಾಗರವನ್ನು ಕಣ್ಣ ಮುಂದೆ ಇಟ್ಟುಕೊಂಡು ಹಾಡಿದಂತಿದೆ.

ಇದಕ್ಕೆ ರಾಕ್ ಅನ್ನು ದೂರುವವರನ್ನು ಕಂಡಿದ್ದೇನೆ. ತತ್ವಪದಕ್ಕೆ ಗಿಟಾರು ಯಾಕೆ, ಡ್ರಮ್ಸು ಯಾಕೆ ಎಂದು ಸುಗಮ ಸಂಗೀತದ ಹಿರಿಯರು ಕೇಳುತ್ತಾರೆ. ಆ ಆಕ್ಷೇಪ ನ್ಯಾಯದ್ದಲ್ಲ. ಅಶ್ವತ್ಥರು ಶರೀಫರಿಗೆ ರಂಗಭೂಮಿಯ ಏರಿಳಿತ ತಂದರು, ಸಿನಿಮಾದ ವಾದ್ಯವೃಂದ ತಂದರು. ಅದೂ ಶಿಶುನಾಳದ ಮೇಳದ ಏಕತಾರಿಯಿಂದ ಬಹಳ ದೂರ ಬಂದ ರೂಪವೇ. 1819ರಲ್ಲಿ ಹುಟ್ಟಿ 1889ರಲ್ಲಿ ತೀರಿಕೊಂಡ ಕವಿಯ ಹಾಡು ಇವತ್ತಿಗೂ ಬಾಯಲ್ಲಿ ಇದೆ ಎಂದರೆ, ಪ್ರತಿ ತಲೆಮಾರೂ ತನ್ನ ಕೈಗೆ ಸಿಕ್ಕ ವಾದ್ಯದಲ್ಲಿ ಅದನ್ನು ನುಡಿಸಿದ್ದರಿಂದಲೇ. ಗಿಟಾರು ತಪ್ಪಲ್ಲ ಎಂಬುದಕ್ಕೆ ಈ ತಂಡದ ಮೊದಲ ಆಲ್ಬಮ್ಮೇ ಸಾಕ್ಷಿ. ಸದ್ದಿನ ಪ್ರಮಾಣ ಯಾವ ಸಾಲಿಗೆ ಎಷ್ಟು ಎಂಬ ವಿವೇಕ 2008ರಲ್ಲಿ ಇತ್ತು, 2013ರಲ್ಲಿ ಒಂದು ಹಾಡಿನ ಮಟ್ಟಿಗೆ ಕೈಬಿಟ್ಟಿತು. ನನ್ನ ದೂರು ಇಷ್ಟೇ, ಆದರೆ ಇದು ಸಣ್ಣ ದೂರಲ್ಲ.

ಇಷ್ಟಾದರೂ ‘ಜಗ್ ಚಂಗಾ’ ನಮ್ಮ ಕಡೆ ಮಾಡಿದ ಉಪಕಾರ ದೊಡ್ಡದು. ಇಂಜಿನಿಯರಿಂಗ್ ಕಾಲೇಜಿನ ಹಬ್ಬಗಳಲ್ಲಿ ರಾಕ್ ಸ್ಪರ್ಧೆ ಎಂದರೆ ಇಂಗ್ಲಿಷ್ ಹಾಡುಗಳನ್ನು ಇದ್ದದ್ದು ಇದ್ದಂತೆ ನುಡಿಸುವುದು ಎಂದು ತಿಳಿದಿದ್ದ ಹುಡುಗರಿಗೆ, ಅಜ್ಜಿ ಹಾಡುವ ಪದವನ್ನೇ ತಗೊಂಡು ಗಿಟಾರಿಗೆ ಕೂರಿಸಬಹುದು, ಅದನ್ನು ಗ್ಲಾಸ್ಟನ್‌ಬರಿವರೆಗೂ ಒಯ್ಯಬಹುದು ಎಂಬ ಧೈರ್ಯ ಬಂದದ್ದು ಈ ತಂಡದಿಂದ. ರಘು ಅವರ ತಮ್ಮ ವಾಸು ದೀಕ್ಷಿತರ ‘ಸ್ವರಾತ್ಮ’ವೂ ಅದೇ ಕಾಲದಲ್ಲಿ ತನ್ನದೇ ರೀತಿಯಲ್ಲಿ ಇದೇ ದಾರಿಯನ್ನು ಅಗಲ ಮಾಡಿತು. ಹಿಂದೂಸ್ತಾನಿ, ಕರ್ನಾಟಕಿ, ಸುಗಮ ಎಂದು ಪಾಠಕ್ಕೆ ಹೋಗುತ್ತಿದ್ದ ಬಸವೇಶ್ವರನಗರದ ಮಕ್ಕಳ ಬೆನ್ನ ಮೇಲೆ ಗಿಟಾರಿನ ಚೀಲವೂ ಏರಿದೆ.

ಆ ಮಕ್ಕಳಲ್ಲಿ ಯಾರಾದರೂ ಶರೀಫರ ಪದಕ್ಕೆ ಕೈ ಹಾಕುವುದಾದರೆ, ಮೊದಲು 2008ರ ಸೋರುವ ಮಾಳಿಗೆಯನ್ನು ಕೇಳಲಿ, ನಂತರ ‘ಲೋಕದ ಕಾಳಜಿ’ಯನ್ನು. ‘ಕೋಡಗನ ಕೋಳಿ’ಯನ್ನು ಮಾತ್ರ ಸುಬ್ಬಣ್ಣನವರಿಂದ ಕಲಿಯಲಿ. ಪದ ಪೂರ್ತಿ ಬಾಯಿಪಾಠವಾದ ಮೇಲೆ ಗಿಟಾರ್ ಪ್ಲಗ್ ಮಾಡಲಿ. ಆಂಪ್ಲಿಫೈಯರಿನ ಸದ್ದು ಎಷ್ಟು ಬೇಕಾದರೂ ಏರಲಿ, ಗೋವಿಂದ ಗುರುವಿನ ಹೆಸರು ಬರುವ ಕಡೆ ಡ್ರಮ್ಸಿನವನು ಕೈ ಎತ್ತಲಿ. ಅಂಥ ಒಂದು ‘ಕೋಡಗನ ಕೋಳಿ’ಯನ್ನು ರಾಕ್ ತಂಡವೊಂದರಿಂದ ಕೇಳಲು ನಾನಿನ್ನೂ ಕಾಯುತ್ತಿದ್ದೇನೆ. ಹಾಡುವವರು ರಘು ದೀಕ್ಷಿತರೇ ಆದರೆ ನನಗೆ ಇನ್ನೂ ಸಂತೋಷ.