ಶರತ್ತಿನ ಹಕ್ಕಿಗಳೂ ನಮ್ಮ ಕಥೆಗಳೂ

ಶ್ರೀರಂಗಪಟ್ಟಣವನ್ನು ಕುರಿತು ಕನ್ನಡದಲ್ಲಿ ಬಂದಿರುವ ಲಾವಣಿ, ನಾಟಕ, ಕಾದಂಬರಿಗಳನ್ನು ಒಟ್ಟಿಗೆ ಇಟ್ಟುಕೊಂಡು ನೋಡಿದರೆ ಒಂದು ಸಂಗತಿ ಎದ್ದು ಕಾಣುತ್ತದೆ. ಸಾಹಿತ್ಯದಲ್ಲಿ ಈ ಊರಿಗೆ ಹೆಚ್ಚೂಕಡಿಮೆ ಒಂದೇ ತಿಂಗಳು. ಅದು ಮೇ ತಿಂಗಳು. 1799ರ ಮೇ 4ರಂದು ಕೋಟೆ ಬಿರುಕುಬಿಟ್ಟಿತು, ಸುಲ್ತಾನ ಮಡಿದ. ಅಲ್ಲಿಂದಾಚೆಗೆ ಊರಿನ ಗಡಿಯಾರ ನಿಂತೇ ಹೋದಂತಿದೆ. ಟಿಪ್ಪುವನ್ನು ಹೊಗಳುವವರಿಗೂ ತೆಗಳುವವರಿಗೂ ಬೇಕಾದದ್ದು ಅದೇ ಮೇ ತಿಂಗಳು. ಈ ಊರಿನ ಹುಲಿಯೂ ಅಷ್ಟೇ. ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಮ್ಮಿನಲ್ಲಿ ಕೂತಿರುವ ಮರದ ಹುಲಿಯ ಮೇಲೆ ಪುಟಗಟ್ಟಲೆ ಬರೆದಿದ್ದೇವೆ. ಪಕ್ಕದ ಕಬ್ಬಿನ ಗದ್ದೆಯಲ್ಲಿ ಮರಿ ಹಾಕಿಕೊಂಡಿರುವ ಜೀವಂತ ಚಿರತೆಯ ಬಗ್ಗೆ ಒಂದು ಒಳ್ಳೆಯ ಕಥೆ ಹುಡುಕಿದರೆ ಸಿಗುವುದು ಕಷ್ಟ.

ಈ ಊರಿಗೂ ಸುತ್ತಲಿನ ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲಗಳಿಗೂ ಆಶ್ವಯುಜ, ಕಾರ್ತಿಕಗಳೂ ಇವೆ. ಮಳೆ ಹಿಂದೆಗೆದು, ಆಕಾಶ ತೊಳೆದಂತಾಗಿ, ಕನ್ನಂಬಾಡಿ ಕಟ್ಟೆ ತುಂಬಿದ್ದರೆ ನಾಲೆಗಳಲ್ಲಿ ನೀರು ಓಡುತ್ತಿರುತ್ತದೆ. ನಾಗಮಂಗಲದ ಹೊಲಗಳಲ್ಲಿ ರಾಗಿ ತೆನೆ ಕಟ್ಟುತ್ತದೆ. ಆದಿಚುಂಚನಗಿರಿಯ ಗುಡ್ಡದಲ್ಲಿ ನವಿಲುಗಳಿಗೆಂದೇ 1981ರಲ್ಲಿ ಘೋಷಿಸಿದ ಸಣ್ಣ ಧಾಮವಿದೆ. ಅದರ ವಿಸ್ತೀರ್ಣ ಒಂದು ಚದರ ಕಿಲೋಮೀಟರಿಗಿಂತ ಕಡಿಮೆ. ಪಾಂಡವಪುರ, ಕೆ.ಆರ್. ಪೇಟೆಯ ಗುಡ್ಡಗಳಲ್ಲಿ 1974ರಲ್ಲಿ ರೂಪುಗೊಂಡ ಮೇಲುಕೋಟೆ ವನ್ಯಜೀವಿಧಾಮವಿದೆ. ಅದನ್ನು ಮುಖ್ಯವಾಗಿ ಮಾಡಿದ್ದು ತೋಳಗಳಿಗಾಗಿ. ಕುರಿಕಾಯುವವನಿಗೆ ಬದ್ಧವೈರಿಯಾದ ಪ್ರಾಣಿಗೆ ಸರ್ಕಾರ ರಕ್ಷಣೆ ಕೊಟ್ಟಿತು ಎನ್ನುವುದರಲ್ಲೇ ಒಂದು ಕಾದಂಬರಿಗಾಗುವಷ್ಟು ಸಂಘರ್ಷವಿದೆ. ಇನ್ನು ಕಾವೇರಿಯ ನಡುಗಡ್ಡೆಗಳ ರಂಗನತಿಟ್ಟು. ಅಲ್ಲಿ ಬಂಡೆಯ ಮೇಲೆ ಮೊಸಳೆ, ನೀರಿನಲ್ಲಿ ನೀರುನಾಯಿ, ಮರದಲ್ಲಿ ತೊಗಲುಬಾವಲಿ. ಚಳಿ ಬೀಳುವ ಹೊತ್ತಿಗೆ ಉತ್ತರದಿಂದ ವಲಸೆಯ ಹಕ್ಕಿಗಳು ಮೈಸೂರು ಸೀಮೆಯ ಕೆರೆಹೊಳೆಗಳಿಗೆ ಇಳಿಯುತ್ತವೆ. ಸೈಬೀರಿಯದ ಕಡೆಯಿಂದ ಸೂಜಿಬಾಲದ ಬಾತು ಬರುತ್ತದೆ. ಮಂಗೋಲಿಯ, ಟಿಬೆಟ್ಟುಗಳಿಂದ ಹಿಮಾಲಯವನ್ನೇ ದಾಟಿ ಪಟ್ಟೆತಲೆ ಹೆಬ್ಬಾತು ಬರುತ್ತದೆ.

ಈ ಸೀಮೆ ಕನ್ನಡಕ್ಕೆ ದೊಡ್ಡ ಬರಹಗಾರರನ್ನು ಕೊಟ್ಟಿದೆ. ಪು.ತಿ.ನ. ಮೇಲುಕೋಟೆಯವರು, ಕೆ.ಎಸ್. ನರಸಿಂಹಸ್ವಾಮಿ ಕಿಕ್ಕೇರಿಯವರು, ಎ.ಎನ್. ಮೂರ್ತಿರಾಯರು ಅಕ್ಕಿಹೆಬ್ಬಾಳಿನವರು, ಎಚ್.ಎಲ್. ನಾಗೇಗೌಡರು ನಾಗಮಂಗಲದ ಕಡೆಯವರು. ಪು.ತಿ.ನ. ಅವರಿಗೆ 1966ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದದ್ದು ‘ಹಂಸ ದಮಯಂತಿ ಮತ್ತು ಇತರ ರೂಪಕಗಳು’ ಕೃತಿಗೆ. ಹೆಸರಿನಲ್ಲೇ ಹಂಸವಿದೆ. ನಮ್ಮ ಹಳೆಯ ಕವಿಸಮಯದ ಪ್ರಕಾರ ಮಳೆ ಹಿಡಿದೊಡನೆ ಹಂಸಗಳು ಮಾನಸ ಸರೋವರಕ್ಕೆ ಹಾರುತ್ತವೆ, ಶರತ್ತಿನಲ್ಲಿ ಮರಳುತ್ತವೆ. ಹಾಲು ನೀರನ್ನು ಬೇರೆ ಮಾಡುವ ಕಥೆಯನ್ನು ಬದಿಗಿಟ್ಟರೆ ಈ ಹೋಗುವ ಬರುವ ಲೆಕ್ಕ ಬಹುಮಟ್ಟಿಗೆ ನಿಜ. ಹಂಸವೆಂದರೆ ಈ ಪಟ್ಟೆತಲೆ ಹೆಬ್ಬಾತೇ ಇರಬಹುದೆಂದು ಹೇಳುವ ವಿದ್ವಾಂಸರಿದ್ದಾರೆ. ಅಂದರೆ ಮೊದಲ ಕವಿ ಯಾರೋ ತಲೆಯೆತ್ತಿ ಆಕಾಶ ನೋಡಿದ್ದ. ಆಮೇಲೆ ಬಂದವರು ಆಕಾಶ ಬಿಟ್ಟು ಅವನ ಪುಸ್ತಕ ನೋಡಿದರು. ಹೀಗೆ ನೋಡುತ್ತ ನೋಡುತ್ತ ಹಂಸ ಕಾಗದದ್ದಾಯಿತು.

ಉರ್ದು ಶಾಲೆಯ ಬೆಂಚಿನ ಮೇಲೆ ಕೂತವರ ಕಥೆಯೂ ಬೇರೆಯಲ್ಲ. ಗುಲಾಬಿಗಾಗಿ ಅಳುವ ಬುಲ್‌ಬುಲ್ ನಮಗೆ ಬಾಯಿಪಾಠ. ಆದರೆ ಗಜಲಿನ ಬುಲ್‌ಬುಲ್ ಇರಾನಿನ ತೋಟದ ಹಕ್ಕಿ. ಅದೇ ಹೆಸರಿಟ್ಟುಕೊಂಡು ನಮ್ಮ ಬೇಲಿಯಲ್ಲಿ ಹಣ್ಣು ತಿನ್ನುವ ಪಿಕಳಾರ ಬೇರೆಯೇ ಕುಲದ್ದು; ಅದಕ್ಕೆ ಗುಲಾಬಿಯ ಹಂಗಿಲ್ಲ. ಸುಲೈಮಾನ್ ಪ್ರವಾದಿಗೆ ಸಬಾ ದೇಶದ ಸುದ್ದಿ ತಂದ ಹುದ್‌ಹುದ್ ಬಗ್ಗೆ ಪ್ರವಚನ ಕೇಳದ ಮುಸ್ಲಿಮ್ ಮಕ್ಕಳಿಲ್ಲ. ಅದೇ ಹಕ್ಕಿ ಚಂದ್ರಮುಕುಟವೆಂಬ ಚಂದದ ಹೆಸರಿನಲ್ಲಿ ನಾಗಮಂಗಲದ ಬದುಗಳ ಮೇಲೆ ಕೊಕ್ಕಿನಿಂದ ನೆಲ ಕೆದಕುತ್ತಿರುವುದನ್ನು ಮಕ್ಕಳಿಗೆ ತೋರಿಸಿದವರು ಎಷ್ಟು ಮಂದಿ? ಕನ್ನಡ ಶಾಲೆ ಒಂದು ಕಾಗದದ ಹಕ್ಕಿ ಕೊಟ್ಟಿತು, ಉರ್ದು ಶಾಲೆ ಇನ್ನೊಂದು ಕೊಟ್ಟಿತು. ಎರಡರ ನಡುವೆ ನಿಜವಾದ ಹಕ್ಕಿ ಹಾರಿಹೋಯಿತು.

ಆ ನಿಜವಾದ ಹಕ್ಕಿಯ ಹಿಂದೆ ಜೀವಮಾನವಿಡೀ ನಡೆದವರು ಸಲೀಂ ಅಲಿ. 1896ರಲ್ಲಿ ಮುಂಬಯಿಯ ಸುಲೈಮಾನಿ ಬೋಹ್ರಾ ಕುಟುಂಬದಲ್ಲಿ ಹುಟ್ಟಿ, ಎಳವೆಯಲ್ಲೇ ತಬ್ಬಲಿಯಾಗಿ, ಸೋದರಮಾವನ ಮನೆಯಲ್ಲಿ ಬೆಳೆದವರು. ಅವರ ಆತ್ಮಕಥೆ ‘ದಿ ಫಾಲ್ ಆಫ್ ಎ ಸ್ಪ್ಯಾರೋ’ 1985ರಲ್ಲಿ ಬಂತು. ವಿಜ್ಞಾನಿಯ ಆತ್ಮಕಥೆಯೆಂದು ಅದನ್ನು ಪಕ್ಕಕ್ಕಿಡುವುದುಂಟು. ನಾನು ಅದನ್ನು ಸಾಹಿತ್ಯಕೃತಿಯಾಗಿ ಓದಬೇಕೆನ್ನುತ್ತೇನೆ. ಅದರ ಕೇಂದ್ರದಲ್ಲಿರುವ ಘಟನೆ ಪುಟ್ಟದು. ಆಟದ ಬಂದೂಕಿನಿಂದ ಹುಡುಗ ಒಂದು ಗುಬ್ಬಿ ಹೊಡೆಯುತ್ತಾನೆ. ಅದರ ಕತ್ತಿನ ಮೇಲೆ ಹಳದಿ ಮಚ್ಚೆ ಕಾಣುತ್ತದೆ. ಇದು ನಾವು ತಿನ್ನಬಹುದಾದ ಹಕ್ಕಿಯೋ ಅಲ್ಲವೋ ಎಂಬ ಅನುಮಾನ ಹುಟ್ಟುತ್ತದೆ. ಮಾವ ಅಮೀರುದ್ದೀನ್ ತ್ಯಾಬ್ಜಿಗೂ ಗೊತ್ತಾಗದೆ, ಪತ್ರ ಕೊಟ್ಟು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಮಿಲಾರ್ಡ್ ಸಾಹೇಬರ ಬಳಿಗೆ ಕಳಿಸುತ್ತಾರೆ. ಆ ಸಾಹೇಬರು ಹುಡುಗನ ಮುಂದೆ ಪೆಟ್ಟಿಗೆಗಳನ್ನು ತೆರೆದು ಸಾಲುಸಾಲು ಹಕ್ಕಿಗಳನ್ನು ತೋರಿಸುತ್ತಾರೆ.

ಈ ಪ್ರಸಂಗವನ್ನು ಹಲವರು ಹೇಳಿದ್ದಾರೆ, ಆದರೆ ಹಲಾಲಿನ ಅನುಮಾನವನ್ನು ತಮಾಷೆಯೆಂದು ದಾಟಿಬಿಡುತ್ತಾರೆ. ನನಗೆ ಅಲ್ಲೇ ಕಥೆಯ ಕೀಲಿ ಕಾಣುತ್ತದೆ. ಸಾಮಾನ್ಯ ಮುಸ್ಲಿಮ್ ಮನೆಯ ಒಂದು ಸಾಮಾನ್ಯ ಪ್ರಶ್ನೆ ಹುಡುಗನನ್ನು ಹಕ್ಕಿಯ ಕತ್ತಿನ ಕಡೆ ಎರಡನೆಯ ಸಲ ನೋಡುವಂತೆ ಮಾಡಿತು. ಆ ಎರಡನೆಯ ನೋಟದಿಂದ ಒಂದು ದೊಡ್ಡ ವಿದ್ವತ್ತು ಹುಟ್ಟಿತು. ಮುಂದೆ ಸಲೀಂ ಅಲಿ ಆಚರಣೆಗಳಿಂದ ದೂರವಾದರು. ಬಾಲ್ಯದಲ್ಲಿ ಕಂಡ ಹಿರಿಯರ ತೋರಿಕೆಯ ಭಕ್ತಿ ತಮಗೆ ಹಿಡಿಸಲಿಲ್ಲವೆಂಬುದನ್ನು ಮುಚ್ಚಿಟ್ಟಿಲ್ಲ. ಈ ಕಾರಣಕ್ಕೆ ಅವರನ್ನು ನಮ್ಮವರೆನ್ನಲು ಹಿಂಜರಿಯುವವರು ಇದ್ದಾರೆ. ಪ್ರಾಣಿಪಕ್ಷಿಗಳನ್ನೂ ‘ಉಮ್ಮತ್’ ಎಂಬ ಪದದಿಂದಲೇ ಕರೆದಿರುವ ಗ್ರಂಥವನ್ನು ಓದುವವರಿಗೆ ಈ ಹಿಂಜರಿಕೆ ಒಪ್ಪುವುದಿಲ್ಲ.

1939ರಲ್ಲಿ ಪತ್ನಿ ತಹ್ಮೀನಾ ತೀರಿಕೊಂಡರು. 1939-40ರ ಅವಧಿಯಲ್ಲೇ ಸಲೀಂ ಅಲಿ ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆ ನಡೆಸಿದರು. ಹದಿನೇಳನೆಯ ಶತಮಾನದಲ್ಲಿ ಕಂಠೀರವ ನರಸರಾಜ ಒಡೆಯರ ಕಾಲದಲ್ಲಿ ನದಿಗೆ ಕಟ್ಟಿದ ಒಡ್ಡಿನಿಂದ ಉಂಟಾದ ನಡುಗಡ್ಡೆಗಳಲ್ಲಿ ಹಕ್ಕಿಗಳು ಗೂಡು ಕಟ್ಟುವುದನ್ನು ಕಂಡು ಅರಮನೆಯ ಗಮನಕ್ಕೆ ತಂದರು. 1940ರಲ್ಲಿ ರಂಗನತಿಟ್ಟು ಪಕ್ಷಿಧಾಮವಾಯಿತು. 2022ರಲ್ಲಿ ರಾಮ್ಸರ್ ಪಟ್ಟಿಗೂ ಸೇರಿತು. ಯುದ್ಧದ ಸುದ್ದಿಯಿಂದಲೇ ಹೆಸರಾದ ಊರಿನ ಪಕ್ಕದಲ್ಲಿ ಒಬ್ಬ ಮುಸ್ಲಿಮ್ ವಿದ್ವಾಂಸ, ಒಂದು ಹಿಂದೂ ಅರಸುಮನೆ, ಸಾವಿರಾರು ಹಕ್ಕಿಗಳು ಸೇರಿ ಮಾಡಿದ ಈ ಕಥೆ ನಡೆದು ಎಂಬತ್ತು ವರ್ಷ ಕಳೆದಿದೆ. ಇದರ ಬಗ್ಗೆ ಪ್ರವಾಸಿ ಕೈಪಿಡಿ ಬರೆದವರಿದ್ದಾರೆ, ಕಥೆ ಬರೆದವರು ಸಿಗುವುದಿಲ್ಲ.

ಯಾಕೆ ಹೀಗಾಯಿತು? ಕನ್ನಡ ಕಥೆಯೊಳಗೆ ಮುಸ್ಲಿಮ್ ಪಾತ್ರ ಬರುವುದೇ ಸಾಕ್ಷಿ ಹೇಳಲು. ತಲಾಖ್, ಬುರ್ಖಾ, ಗಲಭೆ, ಬಡತನ, ಸೌಹಾರ್ದ, ಯಾವುದಾದರೊಂದರ ಬಗ್ಗೆ ಕಟಕಟೆಯಲ್ಲಿ ನಿಂತು ಉತ್ತರಿಸಬೇಕು. ಮುಸ್ಲಿಮ್ ಲೇಖಕರೂ ಈ ಹೊರೆ ಹೊತ್ತರು, ಹೊರಲೇಬೇಕಾಗಿತ್ತು. ಸಾರಾ ಅಬೂಬಕ್ಕರ್ ಅವರ ‘ಚಂದ್ರಗಿರಿಯ ತೀರದಲ್ಲಿ’ ಕಾದಂಬರಿಯ ಹೆಸರಿನಲ್ಲೇ ನದಿಯಿದೆ. ನಾದಿರಾಳ ಪಾಲಿಗೆ ಆ ನದಿ ತವರಿಗೂ ಗಂಡನ ಮನೆಗೂ ನಡುವಿನ ಗಡಿ. ಕೊನೆಗೆ ಅವಳ ಬದುಕು ಮುಗಿಯುವುದು ಮಸೀದಿಯ ಕೆರೆಯಲ್ಲಿ. ಆ ಹೆಣ್ಣಿಗೆ ನೀರನ್ನು ಸುಮ್ಮನೆ ನೋಡುವ ಬಿಡುವನ್ನೇ ಸಮಾಜ ಕೊಡಲಿಲ್ಲ. ಕಾದಂಬರಿಯ ಶಕ್ತಿ ಅದನ್ನು ಕಾಣಿಸುವುದರಲ್ಲಿದೆ. ಆದರೆ ಅಂಥ ಕೃತಿಗಳ ನಂತರ ಬಂದ ನಮ್ಮಲ್ಲಿ ಹಲವರು ಬಿಡುವಿಲ್ಲದಿರುವುದನ್ನೇ ಮುಸ್ಲಿಮ್ ಬದುಕಿನ ಲಕ್ಷಣವೆಂದು ನಂಬಿಬಿಟ್ಟೆವು. ನದಿ, ಮರ, ಮಳೆ ಬೇರೆಯವರ ಪಾಲಿಗೆ, ಸಂಕಟ ಮಾತ್ರ ನಮ್ಮ ಪಾಲಿಗೆ ಎಂಬ ಹಂಚಿಕೆಗೆ ಒಪ್ಪಿಕೊಂಡೆವು. ಕೆ.ಎಸ್. ನಿಸಾರ್ ಅಹಮದ್ ಈ ಹಂಚಿಕೆಗೆ ಒಪ್ಪದ ಕವಿ. ಭೂವಿಜ್ಞಾನ ಪಾಠ ಮಾಡುತ್ತಿದ್ದ ಅವರು ‘ನಿತ್ಯೋತ್ಸವ’ದಲ್ಲಿ ಯಾರ ಅಪ್ಪಣೆಯನ್ನೂ ಕೇಳದೆ ನಾಡಿನ ನದಿ ಕಾಡುಗಳನ್ನು ತಮ್ಮವೆಂದರು, ನಾಡು ಅದನ್ನು ಹಾಡಿಕೊಂಡಿತು. ಗದ್ಯದಲ್ಲಿ ಆ ದಾರಿ ಇನ್ನೂ ಸವೆದಿಲ್ಲ.

ಮನೆಗೆ ಬೆಂಕಿ ಬಿದ್ದಾಗ ಹಕ್ಕಿ ನೋಡುತ್ತ ಕೂರಬೇಕೇ ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ಆದರೆ ಈ ನೆಲ ನಿನ್ನದಲ್ಲ ಎಂದು ಹೇಳುವವರಿಗೆ ಪ್ರಮಾಣಪತ್ರ ತೋರಿಸುವುದೊಂದೇ ಉತ್ತರವಾಗಬೇಕಿಲ್ಲ. ಯಾವ ಹಕ್ಕಿ ಯಾವ ಮಾಸದಲ್ಲಿ ಯಾವ ಕೆರೆಗೆ ಬರುತ್ತದೆಂದು ಬಲ್ಲವನಿಗೆ ಆ ಕೆರೆಯ ಜತೆಗಿನ ನಂಟನ್ನು ಯಾರೂ ಕಿತ್ತುಕೊಳ್ಳಲಾರರು.

ಪರಿಸರ ಸಾಹಿತ್ಯದವರಿಗೂ ಒಂದು ಮಾತು ಹೇಳಬೇಕು. ಅವರ ಬರಹದಲ್ಲಿ ಹಕ್ಕಿಯಿರುತ್ತದೆ, ಮನುಷ್ಯರು ಮಾಯವಾಗಿರುತ್ತಾರೆ. ಸಲೀಂ ಅಲಿಯವರ ಬರಹವೂ ಇದರಿಂದ ಪೂರ್ತಿ ಮುಕ್ತವಲ್ಲ. ಬಂದೂಕಿನಿಂದ ಮಾದರಿಗಳನ್ನು ಸಂಗ್ರಹಿಸಿದ್ದನ್ನು ಅವರು ಪ್ರಾಮಾಣಿಕವಾಗಿ ಹೇಳಿಕೊಳ್ಳುತ್ತಾರೆ. ಆದರೆ ಕಾಡಿನಲ್ಲಿ ದಾರಿ ತೋರಿದವರು, ಹೊಳೆ ದಾಟಿಸಿದವರು ರಾಜರು, ಅಧಿಕಾರಿಗಳು, ಗೆಳೆಯರಷ್ಟು ಸ್ಪಷ್ಟವಾಗಿ ನಮ್ಮ ಕಣ್ಣಿಗೆ ಕಟ್ಟುವುದಿಲ್ಲ. ಇಲ್ಲಿ ತೇಜಸ್ವಿ ನೆನಪಾಗುತ್ತಾರೆ. 1980ರ ‘ಕರ್ವಾಲೊ’ದಲ್ಲಿ ವಿಜ್ಞಾನಿಗೆ ಹಾರುವ ಓತಿಯ ದಾರಿ ತೋರುವವನು ಊರಿನವರ ಲೆಕ್ಕದಲ್ಲಿ ದಡ್ಡನಾದ ಮಂದಣ್ಣ. ಅರಿವು ಯಾರಲ್ಲಿದೆ ಎಂಬ ಪ್ರಶ್ನೆಯನ್ನು ತೇಜಸ್ವಿ ತಲೆಕೆಳಗು ಮಾಡಿದರು. ಆದರೆ ಅದು ಮಲೆನಾಡಿನ ಕಥೆ. ನಾಲೆ, ಕಬ್ಬು, ಆಲೆಮನೆಗಳ ಈ ಬಯಲಿನ ಮಂದಣ್ಣ ಇನ್ನೂ ಪುಸ್ತಕಕ್ಕೆ ಬಂದಿಲ್ಲ.

ಅವನು ಎಲ್ಲಿದ್ದಾನೆ? ಹರಿಗೋಲಿನಲ್ಲಿ ಬಲೆ ಬೀಸುವ ಬೆಸ್ತರಲ್ಲಿದ್ದಾನೆ. ಬಲೆ ಹರಿಯುವ ನೀರುನಾಯಿ ಅವನಿಗೆ ಪ್ರವಾಸಿಗೆ ಕಂಡಷ್ಟು ಮುದ್ದಾಗಿ ಕಾಣುವುದಿಲ್ಲ. ಕಬ್ಬು ಕಡಿಯುವಾಗ ಚಿರತೆ ಮರಿ ಕಂಡು ಕತ್ತಿ ಕೆಳಗಿಟ್ಟು ನಿಲ್ಲುವ ಕೂಲಿಯವರಲ್ಲಿದ್ದಾನೆ. ಮೇಲುಕೋಟೆಯ ಗುಡ್ಡದ ಕೆಳಗೆ ತೋಳಕ್ಕೆ ಮರಿ ಕಳೆದುಕೊಂಡು, ತೋಳವನ್ನು ಬೈಯುತ್ತಲೇ ಅದರ ಹೆಜ್ಜೆಯನ್ನು ನಾಯಿಯ ಹೆಜ್ಜೆಯಿಂದ ಬೇರೆಮಾಡಿ ತೋರಿಸುವ ಕುರಿಗಾಹಿಯಲ್ಲಿದ್ದಾನೆ. ಗಂಜಾಮಿನ ಸಂತೆಗೆ ಸೊಪ್ಪು ತರುವ ಮುದುಕಿಯಲ್ಲಿರಬಹುದು, ಅಸರ್ ನಮಾಜ್ ಮುಗಿಸಿ ಹೊಳೆದಂಡೆಯಲ್ಲಿ ಕೂರುವ ದರ್ಜಿಯಲ್ಲೂ ಇರಬಹುದು. ಆ ದರ್ಜಿಯನ್ನು ಸೌಹಾರ್ದದ ಪ್ರತಿನಿಧಿಯನ್ನಾಗಿ ಮಾಡಬೇಡಿ, ಬಲಿಪಶುವನ್ನಾಗಿಯೂ ಮಾಡಬೇಡಿ ಎಂದು ಬರೆಯುವ ಗೆಳೆಯರಲ್ಲಿ ನನ್ನ ಬಿನ್ನಹ. ಕಾರ್ತಿಕದ ಒಂದು ಸಂಜೆ ಕೆರೆಯ ಕಡೆ ಇಳಿಯುತ್ತಿರುವ ಬಾತುಗಳನ್ನು ಅವನು ಎಣಿಸಲಿ. ಎಷ್ಟಿದ್ದವು, ಹೋದ ವರ್ಷಕ್ಕಿಂತ ಹೆಚ್ಚೋ ಕಡಿಮೆಯೋ ಎಂದು ಹೆಂಡತಿಗೆ ಹೇಳಲಿ. ಕಥೆ ಅಲ್ಲಿಂದ ಶುರುವಾಗಲಿ.